ಮೊಣಕೈ ಎತ್ತರ

ಬೆಳಗಾವಿ ಉದ್ಯಮಬಾಗದ ನಮ್ಮ ಶೆಡ್ಡಿನ್ಯಾಗ
ಎಲ್ಲಾದಕ್ಕೂ ಅಳತಿ ಐತಿ.
ವಾಲ್ವಿನ ಬಾಯಿಗೆ ಗೇಜು,
ಎರಕದ ಬಿರುಕಿಗೆ ಭೂತಗನ್ನಡಿ,
ಚಹಾಕ್ಕ ಹನ್ನೆರಡು ನಿಮಿಷ,
ಹದಿಮೂರನೇದಕ್ಕ ಹಂಚಿನಮನಿಯವರ ಕೆಮ್ಮು.

ನನ್ನ ಅಳತಿ ಮಾತ್ರ ಯಾರ ಹತ್ರಾನೂ ಇರಲಿಲ್ಲ.
ಟೇಬಲ್ಲು ನನಗ ಎದಿಮಟ.
ಒಂಬತ್ತು ವರ್ಷ ಭುಜ ಏರಿಸಿಕೊಂಡೇ ಅರ ಉಜ್ಜೀನಿ,
ಮಾಸ್ತರ ಬೆತ್ತಕ್ಕ ಹೆದರಿದ ಹುಡುಗೀ ಹಂಗ.
ಸಂಜೀಕ ರೊಟ್ಟಿ ಬಡಿಯಾಕ ಕೂತ್ರ
ಕೈ ನಂದೋ ಕಂಪನೀದೋ ತಿಳೀತಿರಲಿಲ್ಲ.

ಮೊನ್ನೆ ಒಬ್ಬಾಕಿ ಬಂದ್ಲು, ತಬಸ್ಸುಮ್ ಕಿತ್ತೂರ ಅಂತ.
ಕೊರಳಾಗ ದರ್ಜಿ ಟೇಪು.
ಯಂತ್ರದ ಕಡೆ ನೋಡಲೇ ಇಲ್ಲ.
"ಅಕ್ಕಾ, ಎಲ್ಲಿ ನೋಯ್ತೈತಿ?"
ನಮ್ಮ ಡಾಕ್ಟರ ಸುದ್ದಾ ಇಷ್ಟು ಕೇಳದ ಗುಳಿಗಿ ಬರೀತಾನ.
ನಿಲ್ಲಿಸಿ, ನೆಲದಿಂದ ಮೊಣಕೈಗೆ ಟೇಪು ಹಿಡದ್ಲು:
ಮೂವತ್ತೆಂಟು ಇಂಚಿಗೆ ಒಂದು ನೂಲು ಕಮ್ಮಿ.

ನೂಲು ಅಂದಕೂಡಲೇ ಗುಳೇದಗುಡ್ಡ ನೆನಪಾತು.
ನಮ್ಮ ಆಯಿ ಸಂಕವ್ವ ಮದುವ್ಯಾಗಿ ಬಂದಾಗ
ಅತ್ತಿಯ ಕುಣಿಮಗ್ಗದಾಗ ಕಾಲು ಇಳಿಬಿಟ್ರ
ತುಳಿಯೋ ಹಲಗಿ ಎಟಕಲಿಲ್ಲಂತ.
ಮುತ್ಯಾ ಬೈಲಿಲ್ಲ, ನಗಲಿಲ್ಲ.
ನಾಕು ಬುಟ್ಟಿ ಮಣ್ಣು ಹೊತ್ತು ತಂದು
ಆಕೀ ಕಾಲಿನಷ್ಟಕ್ಕ ಕುಣಿ ತುಂಬಿ,
ಹಲಗಿ ಎತ್ತಿ ಹೂಡಿದನಂತ.
ಅದಕ್ಕೊಂದು ಹೆಸರೈತಿ ಅಂತ ಅವಗ ಗೊತ್ತಿರಲಿಲ್ಲ.
ಖಣ ಮಾತ್ರ ದಿನಾ ಒಂದು ಗೇಣು ಜಾಸ್ತಿ ಇಳೀತು.

ಸಾವಕಾರ್ರು ಮೊದಲು ರೊಕ್ಕ ಕೇಳಿದ್ರು.
"ಟೇಬಲ್ಲಿನ ಕಾಲು ಕೊಯ್ದ್ರ ನಮಗೇನು ಬರ್ತೈತ್ರೀ?"
ತಬಸ್ಸುಮ್ ಕೆಂಪು ಪೆಟ್ಟಿಗಿ ತೋರಿಸಿದ್ಲು,
ಮಾಲು ರಿಜೆಕ್ಟ್ ಆದ್ರ ಒಗೀತೀವಲ್ಲ, ಅದು.
ಮುಂಜಾನಿ ಖಾಲಿ, ನಾಕರ ಮ್ಯಾಲ ತುಂಬೋದು.
"ಇದರಾಗ ಬಿದ್ದಿರೋದು ವಾಲ್ವಲ್ಲ ಸರ್,
ನಾಕು ಗಂಟೆ ಮ್ಯಾಲಿನ ಭುಜ."
ಅವರು ಬಾಳೊತ್ತು ಪೆಟ್ಟಿಗೀನೇ ನೋಡಿದ್ರು.

ನನ್ನ ಟೇಬಲ್ಲು ಐದಿಂಚು ಗಿಡ್ಡಾತು.
ಬಾಗಿ ಬಾಗಿ ಕೊಕ್ಕರೆಯಾಗಿದ್ದ ಫಕೀರಪ್ಪನ ಟೇಬಲ್ಲಿಗೆ
ನಂದರಾಗ ಕೊಯ್ದ ತುಂಡೇ ವೆಲ್ಡಾದ್ವು.
"ನಿನ್ನ ಕಾಲ ಮ್ಯಾಲ ನಿಂತೀನಿ ನೋಡ" ಅಂತಾನ, ಹಲ್ಲು ಕಿಸೀತಾನ.
ಉತ್ತರದ ಕಿಟಕಿ ಇನ್ನೂ ಬಾಕಿ ಐತಿ,
ಕೊಟೇಶನ್ ಹೋಗೇತಂತ.
ಹಂಚಿನಮನಿಯವರು ಇನ್ನೂ ಕೆಮ್ಮತಾರ.

ಮೊದಲನೇ ದಿನ ಸಂಜೀಕ ಭುಜ ನೋಯಲಿಲ್ಲ.
ಕೆಲಸಾನೇ ಮಾಡಿಲ್ಲೇನೋ ಅನಿಸಿ
ನನ್ನ ಮಾಲು ಎರಡೆರಡು ಸಲ ಎಣಿಸೀನಿ.