ಬೀಳು

ಸ್ಯಾಂಪಲ್ ರೂಮಿನಲ್ಲಿ ಸ್ಮಾಲ್ ಸೈಜಿಗೆ ನಾನೇ.
ನಾಲ್ಕನೇ ಲೈನಿನಿಂದ ಕರೆಸಿದರು:
ಮುನಿಚೂಡಮ್ಮ, ಬಾ, ಹಾಕಿಕೋ.

ಚೂಡಿದಾರದ ಮೇಲೇ ಹಾಕಿಕೊಂಡೆ.
ಸೊಂಟದ ಎರಡು ಮಗ್ಗುಲಿಗೆ ಎರಡು ದಪ್ಪ ಬಿಲ್ಲೆ,
ಬಾಲದ ಮೂಳೆಗೆ ಅರಳಿ ಎಲೆಯಂಥದ್ದೊಂದು,
ಬೆನ್ನಿಗೆ ಆಮೆ, ಮೊಣಕಾಲಿಗೆ ಚಿಪ್ಪು.
ಹಲಗೆ ಮೇಲೆ ನಿಂತು ಹಿಮದಲ್ಲಿ ಜಾರುವವರಿಗಂತೆ.
ಯಾವ ದೇಶವೋ, ಪೆಟ್ಟಿಗೆ ಮೇಲೆ ಬರೆದಿದೆ,
ಕನ್ನಡವಲ್ಲ, ತಮಿಳಲ್ಲ, ತೆಲುಗೂ ಅಲ್ಲ.
ಹೊಸೂರಿನವರಿಗೆ ಬರುವುದು ಮೂರೇ.

ಸೆಲ್ವಮಣಿ ಮೇಸ್ತ್ರಿ ಹೇಳಿದರು: ಬೀಳು.
ನಗು ಬಂತು.
ನಿಜವಾಗಿ ಬೀಳಮ್ಮ. ಹಿಂದಕ್ಕೆ, ಆಮೇಲೆ ಮಗ್ಗುಲಿಗೆ,
ಹತ್ತು ಸಲ. ಬಿಲ್ಲೆ ಜರುಗುತ್ತೋ ಇಲ್ಲವೋ ನೋಡಬೇಕು.
ನೆಲ ಸಿಮೆಂಟು.

ಬೀಳುವುದಕ್ಕೂ ಕೂಲಿ ಇದೆಯೆಂದರೆ ಅವ್ವ ನಂಬುವಳೇ?
ನಮ್ಮಲ್ಲಿ ಅದು ಯಾವತ್ತೂ ಪುಕ್ಕಟೆ.
ಚೀಟಿ ಹಾಕಿ ಸಾಲಕ್ಕೆ ಬಿದ್ದೆವು,
ಊರವರ ಬಾಯಿಗೆ ಬಿದ್ದೆವು,
ನನ್ನ ಗಂಡನೋ, ಹಿಂದೆ ಬಿದ್ದು, ದುಂಬಾಲು ಬಿದ್ದು,
ಕೊನೆಗೆ ಅಪ್ಪನ ಕಾಲಿಗೂ ಬಿದ್ದು ಕಟ್ಟಿಕೊಂಡ.

ಮೊದಲ ಸಲ ಕೈ ಊರಿದೆ.
ಅಂಗೈ ಊರಬೇಡ, ಅಂದರು ಮೇಸ್ತ್ರಿ,
ಮುಷ್ಟಿ ಕಟ್ಟು, ತೋಳನ್ನು ಎದೆಗೆ ಒತ್ತಿಕೋ,
ಊರಿದರೆ ಮಣಿಕಟ್ಟು ಹೋಗುತ್ತೆ.

ಅವರಿಗೇನು ಗೊತ್ತು,
ನನ್ನ ಎಡ ಮಣಿಕಟ್ಟು ಒಂಬತ್ತಕ್ಕೇ ಹೋಗಿತ್ತು,
ಹುಣಿಸೆ ಮರದಿಂದ.
ಅವ್ವ ನಾಲ್ಕು ಬಾರಿಸಿ, ಆಮೇಲೆ ಅತ್ತು,
ಪುತ್ತೂರು ಕಟ್ಟು ಕಟ್ಟುವವನ ಹತ್ತಿರ ಎತ್ತಿಕೊಂಡು ಓಡಿದ್ದಳು.
ಬಿದಿರ ದಬ್ಬೆ, ಸೊಪ್ಪಿನ ರಸ, ಮೊಟ್ಟೆಯ ಬಿಳಿ,
ಸುತ್ತು ಮೇಲೆ ಸುತ್ತು.
ಬಿದ್ದಮೇಲೆ ಕಟ್ಟುವುದು ನಮಗೆ ಗೊತ್ತಿತ್ತು.
ಬೀಳುವ ಮುಂಚೆಯೇ ಕಟ್ಟಿಕೊಳ್ಳಬಹುದೆಂದು
ಮೂವತ್ತಾರಕ್ಕೆ ತಿಳಿಯಿತು.

ಸುಳ್ಳು ಯಾಕೆ, ಒಂದಿತ್ತು, ಅವ್ವನ ತಲೆಯ ಸಿಂಬೆ.
ಅದು ಕಾಯುತ್ತಿದ್ದುದು ಕೊಡವನ್ನು
ಅನ್ನಿಸುತ್ತದೆ ಈಗ.

ನಾಲ್ಕನೇ ಸಲಕ್ಕೆ ಭಯ ಬಿಟ್ಟಿತು.
ಏಳಕ್ಕೆ ಲೈನಿನ ಹುಡುಗಿಯರೆಲ್ಲ ಬಾಗಿಲಲ್ಲಿ.
ಹತ್ತು ಮುಗಿದರೂ ಇನ್ನೊಂದು ಬಿದ್ದೆ,
ಲೆಕ್ಕಕ್ಕೆ ಹಿಡಿಯದ್ದು.

ಬಿಲ್ಲೆ ಅರ್ಧ ಬೆರಳು ಜರುಗಿತ್ತು. ರಿಜೆಕ್ಟ್.
ರಿಜೆಕ್ಟ್ ಮಾಲನ್ನು ಯಾರೂ ತೊಡಬಾರದೆಂದು
ಕತ್ತರಿಯಲ್ಲಿ ಸೀಳಿಯೇ ಹೊರಗೆ ಹಾಕುತ್ತಾರೆ.
ಬಾಗಲೂರು ರಸ್ತೆಯ ಗುಜರಿ ಅಲ್ಲಾಬಕಾಶ್ ತೂಗಿದ:
ಒಂದೂಕಾಲು ಕಿಲೋ, ಅರವತ್ತು ರೂಪಾಯಿ.
ದಿಂಬಿಗಾ ಅಕ್ಕಾ?
ಹೂಂ ಅಂದೆ.
ಮನೆಯಲ್ಲಿ ಕಪ್ಪು ದಾರ ಇರಲಿಲ್ಲ,
ಸೀಳನ್ನು ಕೆಂಪಿನಲ್ಲೇ ಹೊಲಿದೆ.

ಭಾನುವಾರ. ಡೆಂಕಣಿಕೋಟೆ ಕಡೆಯ ಚಳಿ.
ನಮ್ಮ ದಾಯಾದಿಗಳ ದಿಣ್ಣೆ, ಕೋರ್ಟಿನಲ್ಲಿರುವುದು,
ಹನ್ನೆರಡು ವರ್ಷ ನೇಗಿಲು ಕಾಣದೆ ಬೀಳು ಬಿದ್ದಿದೆ.
ಒಣಹುಲ್ಲಿನ ಮೇಲೆ ಮಂಜು, ಬೆಳ್ಳಗೆ,
ಬಿಸಿಲೇರಿದರೆ ಇರುವುದಿಲ್ಲ.
ಸ್ಮಾಲ್ ಕೂಡ ದೊಡ್ಡದು ದಾಕ್ಷಾಯಿಣಿಗೆ.
ಹಳೇ ಸೀರೆಯ ಅಂಚು ಹರಿದು ಸೊಂಟಕ್ಕೆ ಬಿಗಿದೆ.
ಕೆಳಗೆ ಯೂರಿಯಾ ಚೀಲ ಹಾಸಿದೆ.

ಹುಷಾರು, ಬೀಳಬೇಡ, ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು,
ಹನ್ನೊಂದು ವರ್ಷದಿಂದ ಅಂದದ್ದೇ ಅದು.
ಮುಷ್ಟಿ ಕಟ್ಟು ಅಂದೆ.
ಹೋಗು, ಬೀಳು.

ಹೋದಳು. ಅರ್ಧದಲ್ಲಿ ಚೀಲ ಒಂದು ಕಡೆ, ಅವಳೊಂದು ಕಡೆ.
ಉರುಳಿ ಉರುಳಿ ಲಂಟಾನದ ಪೊದೆ ಹತ್ತಿರ ನಿಂತು
ಎದ್ದು ಏನೋ ಕೂಗಿದಳು, ನನಗೆ ಕೇಳಿಸಲಿಲ್ಲ.

ಕಲ್ಲಿನ ಕ್ವಾರಿಗೆ ಭಾನುವಾರ ಇಲ್ಲ.
ಹೊರಟಿದ್ದ ಅವಳಪ್ಪ ಸೈಕಲ್ ನಿಲ್ಲಿಸಿಕೊಂಡು
ದಾರಿಯಲ್ಲೇ ನೋಡುತ್ತಿದ್ದ.
ನನ್ನನ್ನು ಏನೂ ಕೇಳಲಿಲ್ಲ.
ತಲೆಗೆ ಸುತ್ತಿದ್ದ ಟವಲು ಬಿಚ್ಚಿ, ಒದರಿ,
ಮತ್ತೆ ಸುತ್ತಿಕೊಂಡ,
ಸ್ವಲ್ಪ ಬಿಗಿಯಾಗಿ.