ಮಡಚಿದ ಕಾಲು

ಮೂರು ರಾತ್ರಿ ಆದವು.
ಕಿಟ್ಟಿನ ಹಸಿರು ದೀಪ ಹತ್ತತೈತಿ,
ಚಿಪ್ಪು ಮಾತ್ರ ಹೂಂ ಅನ್ನವಲ್ದು.

ಬೆಟಗೇರ್ಯಾಗ ಮಗ್ಗ ಮಲಗಿದ ಮ್ಯಾಲೆ
ಮೀಟರಿನ ಕಡ್ಡಿ ಊರಿ ಊರಿ ನೋಡೀನಿ:
ಐದು ಬರೋ ಕಡೆ ಐದು,
ಹದಿಮೂರು ಬರೋ ಕಡೆ ಹದಿಮೂರು.
ಡಯೋಡು ಕಿತ್ತು ತಿರುವಿದೆ. ಮತ್ತ ತಿರುವಿದೆ.
ರಾಳದ ಹೊಗಿ ಜಡಿಯೊಳಗ ಕುಂತೈತಿ.

ನಿದ್ದಿ ಹತ್ತದ ಬನಕ್ಕತ್ತಿ ಬಂದು
ಕನ್ನಡಕ ಒರಸಿ, ಎಳಿ ಎಣಿಸಿದಂಗ ಎಣಿಸಿದಳು:
“ಈ ಬಾಜು ಹದಿನಾಲ್ಕು ಕಾಲು.
ಆ ಬಾಜು ಹದಿಮೂರ ಅದಾವಲ್ಲ?”

ಎತ್ತಿ ನೋಡಿದೆ.
ಸಾಕೆಟ್ಟಿಗೆ ಇಳಿಯದ ಒಂದು ಕಾಲು
ಹೊಟ್ಟಿ ಕೆಳಗ ಮಡಚಿತ್ತು,
ಥಂಡಿಗೆ ಮಲಗಿದ ಕೂಸಿನಂಗ.
ಚಿಮಟದಿಂದ ಮೆಲ್ಲಕ ನೆಟ್ಟಗ ಮಾಡಿದೆ.

ಚಿಪ್ಪು ತನ್ನ ಹೆಸರು ಹೇಳಿತು.
“ಇದಕ್ಕ ಏನ್ ಕಲಿಸ್ತಿ?” ಅಂದಳು ಅತ್ತಿ.
ಅದನ್ನ ನಾ ವಿಚಾರ ಮಾಡೇ ಇರಲಿಲ್ಲ.