ಆಚಿ ಕಡೆ ನಟ್ಟು

ಹೋದ ವರ್ಷ ಬರೇ ಮೊಳಿ ಹೊಡದಿದ್ವಿ,
ಇಟ್ಟಂಗಿ ಇಟ್ಟಂಗಿ ನಡುವಿನ ಗಚ್ಚಿನ್ಯಾಗ,
ಸರಳ ಇಳೀತಾವಂತ.
ಆಷಾಢದ ಗಾಳಿ ಒಂದ ರಾತ್ರಿ ಬಂತು,
ತಗಡಿನ ಮಾಡು ಎತ್ತಿ
ಬಣ್ಣದ ಹಂಡೇದ ಮ್ಯಾಲೆ ಬೋರಲು ಹಾಕಿ ಹೋತು.
ಗ್ವಾಡ್ಯಾಗ ಹನ್ನೊಂದು ತೂತು ಉಳದ್ವು.
ಇರಿವಿಗೆ ಮನಿ ಆದ್ವು.

ಈ ಸಲ ಬೆಟಗೇರಿ ತುದಿಯಿಂದ ಮೌನೇಶಪ್ಪ ಬಂದ.
ಚೀಲ ಇಳಸಲಿಲ್ಲ, ಚಾ ಒಲ್ಲೆ ಅಂದ,
ಬೆರಳ ಗೆಣ್ಣಿಲೆ ಗ್ವಾಡಿ ಬಡಕೋತ
ಈ ಮೂಲಿಯಿಂದ ಆ ಮೂಲಿಗೆ ಹ್ವಾದ,
ಕಲ್ಲಂಗಡಿ ಕೊಳ್ಳಾವ್ರಂಗ.
ಟಣ್ ಅಂದಲ್ಲೆ ಸುಣ್ಣದ ಗೀರು.
ದಬ್ ಅಂದಲ್ಲೆ ಏನೂ ಇಲ್ಲ.
"ಸಂದಿನ್ಯಾಗ ಮೊಳಿ ಹೊಡದಾಂವ ಯಾಂವ?"
ನಾ ಹಂಡೇದ ಕಡೆ ನೋಡಿದೆ.
"ಮನಿಯವರೇನು?"
"ನಾನ."

ತೊಲಿ ನಮ್ಮ ಹಳೇ ಮಗ್ಗದ್ದು, ಮತ್ತಿ ಕಟಗಿ.
ಮಾವನ ಹೊಟ್ಟಿ ತಿಕ್ಕಿ ತಿಕ್ಕಿ
ಒಂದ ಮಗ್ಗಲ ನುಣ್ಣಗಾಗಿತ್ತು.
ಆ ಮಗ್ಗಲ ಗ್ವಾಡಿಗೆ ಹತ್ತಲಿ ಅಂದ ಮೌನೇಶಪ್ಪ.
ಬ್ಯಾಡ, ಹೊರಗ ಇರಲಿ ಅಂದೆ.
ರಸಮಟ್ಟದ ಗುಳ್ಳಿ ಅತ್ತ ಇತ್ತ ಆಡಿ
ನಡುಕ ಬಂದು ನಿಂತಿತು.

ಆಮ್ಯಾಲೆ ಡ್ರಿಲ್ಲು.
ಕೆಂಪು ಹುಡಿ ಉದರಿ ಉದರಿ
ಅವನ ಮೀಸಿ ಕುಂಕುಮದ ಭರಣಿ ಆತು.
ಮೂರು ತೂತು ಗಟ್ಟಿ ಬಂದ್ವು, ಬೋಲ್ಟು ಕಚ್ಚಿದ್ವು.
ನಾಕನೇದ್ದು ಬುಸ್ಸಂತ ಒಳಗ ಹೋತು,
ಮೊಣಕೈ ಮಟ ಜೋಲಿ ಹೊಡದ.
ತಗದು ನೋಡಿದ್ರ
ಆ ತುದಿಗೆ ಒಂದ ಕಾಳಿನಷ್ಟು ಬೆಳಕು,
ಬಳ್ಳೊಳ್ಳಿ ಒಗ್ಗರಣಿ ವಾಸನಿ.
"ಯಾರ ಅದು?"

ತುಳಜಾಬಾಯಿ.
ಎರಡ ವರ್ಷದ ಮ್ಯಾಲೆ ಮೊದಲನೇ ಮಾತು.
ನನ್ನ ಬಣ್ಣದ ನೀರು ಆಕಿ ಹಿತ್ತಲಕ್ಕ ಹರದು
ಬಿಳಿ ಆಡಿನ ಮರಿ
ನಾಕೂ ಕಾಲು ಕೆಂಪ ಮಾಡಿಕೊಂಡು
ಓಣಿ ತುಂಬ ಕುಣದಾಡಿದ ದಿನದಿಂದ
ಬಾಯಿ ಕಟ್ಟಿತ್ತು.

ಮೌನೇಶಪ್ಪಗ ಇದೇನೂ ಗೊತ್ತಿಲ್ಲ.
"ಇಲ್ಲೆ ಇಟ್ಟಂಗಿ ಒಳಗ ಮಣ್ಣಾಗ್ಯಾವ, ಹಿಡತ ಇಲ್ಲ.
ಪಾರ ಬೋಲ್ಟು ಹಾಕಬೇಕು,
ಹದಿನಾರು ಇಂಚು.
ಆಚಿ ಕಡೆ ಪ್ಲೇಟು, ನಟ್ಟು.
ಅಲ್ಲೆ ಒಬ್ಬರು ಪಾನಾ ಹಿಡದು ನಿಂದರಬೇಕು."
ಅಂದಾಂವನ ಪಾನಾ ತಗೊಂಡು
ಓಣಿ ಸುತ್ತಿ ಆಕಿ ಬಾಗಲಕ್ಕ ಹ್ವಾದ.

ನಾ ತೂತಿಗೆ ಕಿವಿ ಕೊಟ್ಟೆ.
ಏನೋ ಅಂದ. ಆಕಿ ಏನೋ ಅಂದಳು.
ಭಾಂಡೆ ಸರಿಸಿದ ಸಪ್ಪಳ.
ತಿರಗಿ ಬಂದು ಈ ಕಡೆ ಬೋಲ್ಟಿನ ತಲಿ ತಿರುವಕೋತ
ಒದರಿದ, "ಬಾಯಾರ,
ತಿರುವಬ್ಯಾಡ್ರಿ! ಬರೇ ಹಿಡೀರಿ!"
"ಹಿಡದೇನಿ" ಅಂತು ಗ್ವಾಡಿ.
ಕಟಗಿ ಒಮ್ಮೆ ಕಿರ್ರಂತು,
ಮಾವ ಮಗ್ಗ ಬಿಟ್ಟು ಏಳುವಾಗ
ಹಿಂಗ ನರಳತಿದ್ದ.

ಆಷಾಢ ಮತ್ತ ಬಂತು.
ಮಾಡು ರಾತ್ರಿ ಪೂರಾ ಪಟಪಟ ಅಂತು, ಏಳಲಿಲ್ಲ.
ಆಚಿ ಕಡೆ ಎರಡ ಬೊಟ್ಟು ಬೋಲ್ಟು ಹೊರಗ ಐತಂತ.
ಕೊಯ್ದು ಹೋಗತೇನಿ ಅಂದ್ರ
ಇರಲಿ ಅಂದಳಂತ ಆಕಿ.
ಸಾಣಗಿ ತೂಗ ಹಾಕತಾಳಂತ.
ಮುಂಜಾನೆ ನೂಲು ಹಿಂಡುವಾಗ
ತೊಲಿ ಸಣ್ಣಗ ಟಕ್ ಅಂದ್ರ
ಆಕಿ ಹಿಟ್ಟು ಸೋಸಿದ್ದು ಮುಗೀತು ಅಂತ ತಿಳೀತೇನಿ.

ನಟ್ಟು ಗಾಳಿಗೆ ಸಡ್ಲಾಗತೈತಿ,
ವರ್ಷಕ್ಕೊಮ್ಮೆ ಬಿಗಿ ಮಾಡಬೇಕಂತ.
ಪಾನಾ ಆಕಿ ಕಡೇನ ಐತಿ.
ನೀರು ಇನ್ನೂ ಅತ್ತಾಗನ ಹರೀತೈತಿ.
ಕೇಳಾಕ ಹೋಗಬೇಕು,
ಇವತ್ತಲ್ಲ,
ಈ ಕೆಂಪು ಕೈ ಬೆಳ್ಳಗಾದ ಮ್ಯಾಲೆ.